ಹೊನ್ನೂರಮ್ಮನ ಬಿಂದಿಗೆ

ನಾನು ಒಂದು ತಾಮ್ರದ ಬಿಂದಿಗೆ. ಪ್ಲಾಸ್ಟಿಕ್ ಕೊಡಗಳ ನಡುವೆ ನಿಂತರೆ ದೂರದಿಂದಲೇ ಗುರುತು ಸಿಗುತ್ತೇನೆ, ಜಂಬ ಅಂದರೆ ಅನ್ನಿ! ಸುತ್ತಿಗೆ ಏಟು ತಿಂದು ತಿಂದೇ ಹುಟ್ಟಿದೆ. ಪಾತ್ರೆ ಅಂಗಡಿಯವನು ನನ್ನ ಕೊರಳ ಮೇಲೆ ಚುಕ್ಕಿ ಚುಕ್ಕಿಯಾಗಿ "ಹೊನ್ನೂರಮ್ಮ" ಅಂತ ಹೆಸರು ಕೊರೆದ. ಅಬ್ಬಬ್ಬಾ, ಏನು ಕಚಗುಳಿ!

ಹೊನ್ನೂರಮ್ಮನ ಸೊಂಟದ ಮೇಲೆ ಕೂತು ಬೀದಿ ನಲ್ಲಿಗೆ ಹೋಗುವುದೇ ನನ್ನ ಬಾಳು. ನಮ್ಮ ಬೀದಿಯ ಕಟ್ಟಳೆ ಏನೆಂದರೆ, ಕೊಡ ಇಟ್ಟರೆ ಆಳು ನಿಂತ ಹಾಗೆ. ಒಡತಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಸರಿ, ಕೊಡ ಸರಿಸಿದರೆ ಜಗಳ ಗ್ಯಾರಂಟಿ. ಹೊನ್ನೂರಮ್ಮನ ಮಗ ತಿಪ್ಪೇಶ ನನ್ನ ನೀರನ್ನೇ ಗಟಗಟ ಕುಡಿದು ಬೆಳೆದ. ಬೆಳೆದವನು ನೀರಿನ ಟ್ಯಾಂಕರ್ ಕೊಂಡ. ಒಂದಿದ್ದದ್ದು ಹತ್ತಾಯಿತು, ಹೊಸ ಬಡಾವಣೆಯಲ್ಲಿ ಮನೆ ಎದ್ದಿತು. ಹೊರಡುವಾಗ ಹೊನ್ನೂರಮ್ಮ ನನ್ನನ್ನು ಪಕ್ಕದ ಮನೆಯ ಖಾಸಿಂಬಿಗೆ ಕೊಟ್ಟಳು. "ಅಲ್ಲಿ ಇದಕ್ಕೇನೇ ಕೆಲ್ಸ? ನೀನೇ ಇಟ್ಕಳೆ" ಅಂದಳು.

ಹೊನ್ನೂರಮ್ಮ ತೀರಿಕೊಂಡಳು. ತಿಪ್ಪೇಶ ಟ್ಯಾಂಕರ್ ಮಾಲೀಕರ ಸಂಘದ ಅಧ್ಯಕ್ಷನಾದ. ಸಂಘದವರು ಹಾರ, ಶಾಲು ಹಿಡಿದು ದೊಡ್ಡವರ ಮನೆಗಳಿಗೆ ಎಡತಾಕಿದ ಹಾಗೆಲ್ಲ ನಮ್ಮ ನೀರು ಕಮ್ಮಿಯಾಯಿತು. ದಿನಾ ಬರುತ್ತಿದ್ದದ್ದು ವಾರಕ್ಕೆ ಒಂದು ಸಲ! ಕೊನೆಗೆ ಪುರಸಭೆಗೆ ಸಂಘದ ಅರ್ಜಿಯೇ ಹೋಯಿತು: ಆ ನಲ್ಲಿಯನ್ನು ಯಾರೂ ಬಳಸುವುದಿಲ್ಲ, ಕಿತ್ತುಹಾಕಿ. ಸೋಮವಾರ ವಿಚಾರಣೆ. ನಲ್ಲಿ ಹೋದರೆ ಬೀದಿಗೆ ಬೀದಿಯೇ ನೀರು ಕೊಂಡು ಕುಡಿಯಬೇಕು.

ಸುದ್ದಿ ಕೇಳಿ ಖಾಸಿಂಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಾರೂ ಬಳ್ಸಲ್ವಂತಾ? ಅವನ ಬಾಯಿಗೆ ಮಣ್ಣ್ ಹಾಕ! ಏಳ್ರೇ, ಕೊಡ ಎತ್ಕಳ್ರೇ!"

ಆಹಾ, ಆ ದಿನ ನೋಡಬೇಕಿತ್ತು ನೀವು! ಪುರಸಭೆಯ ಗೇಟಿನಿಂದ ಮುಖ್ಯಾಧಿಕಾರಿ ಮೇಡಂ ಬಾಗಿಲವರೆಗೆ ಕೊಡಗಳ ಸಾಲೋ ಸಾಲು. ಎಲ್ಲಕ್ಕಿಂತ ಮುಂದೆ ನಾನು, ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು ಫಳಫಳ!

ಮೇಡಂ ಹೊರಗೆ ಬಂದರು. ಹಿಂದೆಯೇ ತಿಪ್ಪೇಶ.

"ಏನ್ರೀ ಇದೆಲ್ಲ?"

"ಪಾಳಿ, ಮೇಡಂ. ಒಂದ್ ಕೊಡ ಅಂದ್ರೆ ಒಂದ್ ಮನೆ. ನೀವೇ ಎಣಿಸ್ಕಳ್ರಿ" ಅಂದಳು ಖಾಸಿಂಬಿ.

ಮೇಡಂ ಬಗ್ಗಿ ನನ್ನ ಕೊರಳು ಓದಿದರು. "ಹೊನ್ನೂರಮ್ಮ ಅಂದ್ರೆ ಯಾರು? ಕರೀರಿ."

ಖಾಸಿಂಬಿ ತಿಪ್ಪೇಶನ ಮುಖವನ್ನೇ ನೋಡುತ್ತಿದ್ದಳು. ಅವನು ನನ್ನನ್ನು ನೋಡುತ್ತಿದ್ದ.

"ನಮ್ಮವ್ವ" ಅಂದ.

"ಯಾರೂ ನೀರು ಹಿಡಿಯಲ್ಲ ಅಂತ ನೀವೇ ಬರ್ದಿದೀರಲ್ಲ?"

"ಅವ್ವ ಹಿಡೀತಿದ್ಲು" ಅಂದ. ಆಮೇಲೆ ತಲೆ ತಗ್ಗಿಸಿ, "ನಾನೂ ಹಿಡ್ದಿದೀನಿ, ಮೇಡಂ."

ನಲ್ಲಿ ಉಳಿಯಿತು! ಅವತ್ತು ಹೆಂಗಸರು ನನ್ನನ್ನು ತಮಟೆ ಮಾಡಿ ಬಾರಿಸಿದ ಏಟಿಗೆ ಸೊಟ್ಟಗಾಗಿದ್ದು ಇನ್ನೂ ಸರಿಹೋಗಿಲ್ಲ.

ಸಂಘ ಸುಮ್ಮನಾಯಿತು ಅಂದುಕೊಳ್ಳಬೇಡಿ. ಶಾಲುಗಳು ಹೋಗುತ್ತಲೇ ಇವೆ. ನನಗೂ ವಯಸ್ಸಾಯಿತು, ತಳ ತೂತು ಬಿದ್ದಿದೆ, ಒಂದು ಹನಿ ನೀರೂ ನಿಲ್ಲುವುದಿಲ್ಲ. ಆದರೂ ಬೆಳಗಾದರೆ ಖಾಸಿಂಬಿ ನನ್ನನ್ನು ತಂದು ಪಾಳಿಯ ಮೊದಲಿಗೆ ಇಡುತ್ತಾಳೆ. ಮೊನ್ನೆ ಬೀದಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, "ಈ ತೂತು ಬಿಂದಿಗೆ ಯಾಕಜ್ಜಿ ಇಲ್ಲಿ?" ಅಂತ ನನ್ನನ್ನು ಪಕ್ಕಕ್ಕೆ ಸರಿಸಲು ಬಂದಳು.

ಖಾಸಿಂಬಿ ಗದರಿದಳು. "ಏಯ್, ಮುಟ್ಬೇಡ! ಅಲ್ಲಿ ಹೊನ್ನೂರಮ್ಮ ನಿಂತವ್ಳೆ."