ರಿಫೈನರಿಯವನ ಕೆಮಿಸ್ಟ್ರಿ

ಕೆಮಿಸ್ಟ್ರಿ ಮೋಕ್ಷಿತನ ಪಾಲಿಗೆ ಎಂದು ತೀರ್ಮಾನವಾದಾಗ ಯಾರೂ ಮೋಕ್ಷಿತನನ್ನು ಕೇಳಲಿಲ್ಲ. ಹತ್ತನೆಯ ಪರೀಕ್ಷೆಗೆ ಮೂವರೂ ಸೇರಿ ಓದುವುದು, ಒಬ್ಬೊಬ್ಬರು ಒಂದೊಂದನ್ನು ಉಳಿದಿಬ್ಬರಿಗೆ ಹೇಳಿಕೊಡುವುದು ಎಂದಾಗಿತ್ತು. ಫಿಸಿಕ್ಸನ್ನು ಝಹ್ರಾ ತೆಗೆದುಕೊಂಡಳು. ಅವಳು ಹತ್ತನೇ ತರಗತಿಗೇ ಮೊದಲಿಗಳು, ಯಾವುದನ್ನು ತೆಗೆದುಕೊಂಡರೂ ನಡೆಯುತ್ತಿತ್ತು. ಬಯಾಲಜಿ ಚೈತಾಲಿಗೆ; ಹೃದಯ, ಕಿಡ್ನಿ, ದಾಸವಾಳದ ಹೂವು ಬಿಡಿಸಲು ಕೂತರೆ ಅವಳಿಗೆ ಊಟವೂ ಬೇಡ. ಉಳಿದದ್ದು ಕೆಮಿಸ್ಟ್ರಿ. "ಅದು ಮೋಕ್ಷಿತನಿಗಿರಲಿ," ಎಂದಳು ಝಹ್ರಾ. "ಅವನ ಅಪ್ಪ ರಿಫೈನರಿಯಲ್ಲಿ ಇರುವುದಲ್ವಾ."

ಸುರತ್ಕಲ್ಲಿನಲ್ಲಿ ಈ ಮಾತಿಗೆ ಎದುರಾಡುವವರಿಲ್ಲ. ಅಪ್ಪ ರಿಫೈನರಿಯಲ್ಲಿ ಎಂದರೆ ಮುಗಿಯಿತು, ಮಗನಿಗೆ ಕೆಮಿಸ್ಟ್ರಿ ತಾಯಿಹಾಲಿನೊಂದಿಗೇ ಬಂದಿದೆ ಎಂದು ಲೆಕ್ಕ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮೋಕ್ಷಿತನ ಅಪ್ಪ ಜಯಪಾಲ ರಿಫೈನರಿಗೆ ಹೋಗುತ್ತಿದ್ದದ್ದು ನಿಜ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹೋಗುತ್ತಿದ್ದದ್ದೂ ನಿಜ. ಆದರೆ ಅವರು ಅಲ್ಲಿ ನೌಕರರ ಬಸ್ಸು ಓಡಿಸುತ್ತಿದ್ದರು. ಎಂಟನೇ ತರಗತಿಯಲ್ಲಿ ಯಾರೋ ಕೇಳಿದಾಗ ಮೋಕ್ಷಿತ 'ರಿಫೈನರಿಯಲ್ಲಿ' ಎಂದಷ್ಟೇ ಹೇಳಿ ನಿಲ್ಲಿಸಿದ್ದ, ಅರ್ಧ ಮಾತಿಗೆ ಸಿಕ್ಕ ಮರ್ಯಾದೆ ಚೆನ್ನಾಗಿಯೇ ಇದ್ದದ್ದರಿಂದ ಉಳಿದರ್ಧ ಬಾಯಲ್ಲೇ ಉಳಿದಿತ್ತು.

ಅವನು ಹೇಳದೆ ಬಿಟ್ಟ ಮಾತು ಇನ್ನೊಂದಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ ವಿಜ್ಞಾನದಲ್ಲಿ ಬಂದದ್ದು ಎಂಬತ್ತಕ್ಕೆ ಹತ್ತೊಂಬತ್ತು. ಉಳಿದ ವಿಷಯಗಳಲ್ಲಿ ಹೇಗೋ ದಡ ಸೇರುವವನು ಇದೊಂದರಲ್ಲಿ ಮುಳುಗುವುದು ಖಾತ್ರಿಯಾಗಿತ್ತು. ಮುಳುಗಿದರೆ ಹೋಗುವುದು ಬರೀ ಒಂದು ವಿಷಯವಲ್ಲ. ಮೋಕ್ಷಿತ ವಾಲಿಬಾಲಿನಲ್ಲಿ ನೆಟ್ಟಿನ ಮೇಲೆ ಎದ್ದು ಹೊಡೆದ ಚೆಂಡನ್ನು ಎತ್ತುವವರು ಜಿಲ್ಲೆಯಲ್ಲೇ ಕಡಿಮೆ. ಬಲ್ಮಠದ ಕಾಲೇಜೊಂದರ ಕೋಚ್ ಅವನ ಆಟ ನೋಡಿ, ಒಂದೇ ಸಲಕ್ಕೆ ಪಾಸಾಗಿ ಬಾ, ಸೀಟು ನನ್ನ ಜವಾಬ್ದಾರಿ ಎಂದಿದ್ದರು. ಎರಡನೇ ಸಲ ಬರೆದು ಬರುವವನಿಗೆ ಕಾಯುವುದಿಲ್ಲ ಎಂದೂ ಹೇಳಿದ್ದರು. ಒಂದೇ ಬೀದಿಯ ಚೈತಾಲಿ, ನಾವು ಸೇರಿ ಓದ್ತೇವೆ, ನೀನೂ ಬಾ ಎಂದಾಗ ಅವನು ಹಗ್ಗ ಸಿಕ್ಕಿತೆಂದು ಹಿಡಿದುಕೊಂಡು ಬಂದವನು. ಬಂದವನಿಗೆ ಈಗ ಮೇಷ್ಟ್ರ ಕೆಲಸ ಸಿಕ್ಕಿತ್ತು. ಇಲ್ಲ ಎಂದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಝಹ್ರಾ ಹೊರಗೆ ಕಳಿಸುತ್ತಾಳೆ ಎಂದು ಹೆದರಿ ಅವನು ಆಯಿತು ಎಂದ.

ಓದುವ ಜಾಗ ಝಹ್ರಾಳ ಅಜ್ಜ ಮೊಯ್ದೀನಬ್ಬರ ಬಟ್ಟೆ ಅಂಗಡಿಯ ಮಾಳಿಗೆ. ಕೆಳಗೆ ಅಜ್ಜ ಗಲ್ಲಾದಲ್ಲಿ ಕೂತಿದ್ದರೆ, ಮೇಲೆ ಸೀರೆಯ ಕಟ್ಟುಗಳ ನಡುವೆ ಇವರು ಮೂವರು. ಶರ್ಟಿನ ಪೆಟ್ಟಿಗೆಯೊಳಗೆ ಬರುವ ಬಿಳಿ ರಟ್ಟುಗಳೇ ಕಪ್ಪುಹಲಗೆ. ರಂಜಾನ್ ತಿಂಗಳು; ಝಹ್ರಾ ಉಪವಾಸ. ನೀವು ತಿನ್ನಿ, ನನಗೆ ಎಂತದೂ ಆಗುವುದಿಲ್ಲ ಎಂದು ಅವಳು ಎಷ್ಟು ಹೇಳಿದರೂ ಉಳಿದಿಬ್ಬರು ಅಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ಪಾಠ ಸಂಜೆಯ ಬಾಂಗಿಗೆ ಮೊದಲು ಮುಗಿಯಬೇಕು. ಬಾಂಗ್ ಆದ ಕೂಡಲೇ ಝಹ್ರಾಳ ತಾಯಿ ನಾಝಿಮಾ ಕಳಿಸಿದ ಖರ್ಜೂರ, ಶರಬತ್ತು, ಸಮೋಸ ಮೇಲೆ ಬರುತ್ತಿತ್ತು. ಆಮೇಲೆ ವಿಜ್ಞಾನದ ಹೆಸರೆತ್ತಿದವನಿಗೆ ಸಮೋಸ ಇಲ್ಲ.

ಕ್ರಮ ಹಾಕಿದವಳು ಝಹ್ರಾ. ಪಾಠ ಮಾಡುವಾಗ ಪುಸ್ತಕ ಮುಚ್ಚಿರಬೇಕು. ಹೇಳುವವನ ಮಾತೇ ಪುಸ್ತಕ. ಕೇಳುವವರು ಎಷ್ಟು ಬೇಕಾದರೂ ಪ್ರಶ್ನೆ ಕೇಳಬಹುದು, ಹೇಳುವವನು ಉತ್ತರ ಕೊಡಲೇಬೇಕು. ಪಾಠ ಗೊತ್ತಿದ್ದವರಿಗೆ ಈ ಕ್ರಮ ಚಂದ. ಗೊತ್ತಿಲ್ಲದವನಿಗೆ ಅದು ದಿನಾ ಸಂಜೆ ಉರಿಯುವ ಕೆಂಡ.

ಹಾಗಾಗಿ ಮೋಕ್ಷಿತ ಓದಿದ. ಹುಟ್ಟಿದಂದಿನಿಂದ ಓದದಷ್ಟು ಓದಿದ. ಪಾಸಾಗಲಿಕ್ಕೆ ಅಲ್ಲ, ಆ ಹುಡುಗಿಯ ಮುಂದೆ ಮಾನ ಉಳಿಸಿಕೊಳ್ಳಲಿಕ್ಕೆ. ಝಹ್ರಾ ಏನು ಕೇಳಿಯಾಳು ಎಂದು ಮೊದಲೇ ಊಹಿಸಿ, ಆ ಪ್ರಶ್ನೆಗೆ ಉತ್ತರ ಹುಡುಕಿ, ಆ ಉತ್ತರಕ್ಕೆ ಅವಳು ಹಾಕಬಹುದಾದ ಅಡ್ಡಪ್ರಶ್ನೆಗೂ ಉತ್ತರ ಹುಡುಕಿ, ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ. ಹೇಳಲು ಶಬ್ದ ಸಿಗದಾಗ ತನಗೆ ಗೊತ್ತಿದ್ದ ವಾಲಿಬಾಲನ್ನು ತಂದ. ತಾಮ್ರದ ಸಲ್ಫೇಟಿನೊಳಗೆ ಕಬ್ಬಿಣದ ಮೊಳೆ ಹಾಕಿದರೆ ಎಂತ ಆಗ್ತದೆ ಎಂದರೆ, ಹೊಸ ಆಟಗಾರ ಜೋರಿನವನು ಬಂದ, ಹಳೆಯವ ಬೆಂಚಿಗೆ ಹೋದ, ಅಷ್ಟೇ. ಚಿನ್ನ ಯಾಕೆ ಯಾರನ್ನೂ ಎಬ್ಬಿಸುವುದಿಲ್ಲ? ಅವ ಆಟಕ್ಕೇ ಇಳಿಯುವುದಿಲ್ಲ, ಚಂದ ಮಾಡಿಕೊಂಡು ಕೂತುಕೊಳ್ತಾನೆ. ಚೈತಾಲಿ ನಕ್ಕು ನಕ್ಕು ಬರೆದುಕೊಂಡಳು. ಝಹ್ರಾ ನಗಲಿಲ್ಲ, ಆದರೆ ಮರುದಿನ ಲೋಹಗಳ ಸಾಲನ್ನು ಅವಳು ಬೆಂಚಿನ ಲೆಕ್ಕದಲ್ಲೇ ಒಪ್ಪಿಸಿದಳು. ಹಾಡ್ತಾ ಹಾಡ್ತಾ ರಾಗ ಎನ್ನುತ್ತಾರಲ್ಲ, ಹಾಗೆ ಮೋಕ್ಷಿತನ ದನಿಗೆ ಒಂದು ಗತ್ತು ಬಂತು. ಗತ್ತು ಬಂದ ಮೇಲೆ ಎಡವಲು ದೊಡ್ಡ ಕಲ್ಲೇನೂ ಬೇಕಾಗುವುದಿಲ್ಲ.

ನೀರಿನ ವಿದ್ಯುದ್ವಿಭಜನೆ ಹೇಳುವ ದಿನ ಬೆಳಿಗ್ಗೆಯಿಂದ ಅವನಿಗೆ ಪಂದ್ಯವಿತ್ತು. ಬಸ್ಸಿನಲ್ಲಿ ನಿಂತು ಅರ್ಧ ಪುಟ ಓದಿಕೊಂಡು ಬಂದ. ನೀರಿನೊಳಗೆ ವಿದ್ಯುತ್ ಹರಿಸಿದರೆ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್ ಏಳುತ್ತದೆ ಎಂಬಲ್ಲಿಗೆ ಅವನ ವಿದ್ಯೆ ಮುಗಿದಿತ್ತು. ಝಹ್ರಾ ಕೇಳದೆ ಬಿಡುವವಳೇ? ಯಾವುದು ಯಾವ ಕಡೆ ಎಂದಳು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೈಡ್ರೋಜನಿನದು ಪ್ಲಸ್ ಚಿಹ್ನೆ, ಹಾಗಾದರೆ ಅದು ಬ್ಯಾಟರಿಯ ಪ್ಲಸ್ ಕಡೆಗೆ ಎಂದುಬಿಟ್ಟ.

ಝಹ್ರಾಳ ಹುಬ್ಬು ಗಂಟಾಯಿತು. ಪ್ಲಸ್ಸಿಗೆ ಪ್ಲಸ್ ಆಗುವುದಿಲ್ಲವಲ್ಲ, ದೂಡಿ ಹಾಕಬೇಕಲ್ಲ ಎಂದಳು. ತಾನು ಹಿಂದೆ ತರಗತಿಯಲ್ಲಿ ಬಿಡಿಸಿದ ಚಿತ್ರದಲ್ಲಿಯೂ ಬೇರೆ ಇದೆ ಎಂದು ತೋರಿಸಿದಳು. ಅಲ್ಲಿಯಾದರೂ ಅವನು ಇಳಿಯಬಹುದಿತ್ತು. ಆದರೆ ಏರಿದ್ದು ಕುದುರೆ.

"ಅದು ನಿನ್ನ ಫಿಸಿಕ್ಸಿನಲ್ಲಿ," ಎಂದ ಮೋಕ್ಷಿತ. "ಕೆಮಿಸ್ಟ್ರಿಯಲ್ಲಿ ಹೀಗೆಯೇ. ರಿಫೈನರಿಯಲ್ಲಿ ಕೂಡ ಹೀಗೆಯೇ ಮಾಡುವುದು."

ಯಾರ ಮಾತನ್ನೂ ಪರೀಕ್ಷಿಸದೆ ನುಂಗದ ಝಹ್ರಾ ಆ ಒಂದು ಶಬ್ದಕ್ಕೆ ಸೋತಳು. ರಬ್ಬರು ತೆಗೆದು ತನ್ನ ಚಿತ್ರದ ಹೆಸರುಗಳನ್ನು ಅಳಿಸಿ, ಅದಲು ಬದಲು ಮಾಡಿ ಬರೆದಳು. ಅವಳು ರಬ್ಬರಿನ ಪುಡಿ ಊದಿದ್ದನ್ನು ಮೋಕ್ಷಿತ ನೋಡಿದ. ಆ ಸಂಜೆ ತನ್ನ ಪಾಲಿನ ಸಮೋಸವನ್ನು ಅವನು ಚೈತಾಲಿಯ ಕಡೆ ಸರಿಸಿದ.

ಮನೆಗೆ ಹೋಗಿ ಪುಸ್ತಕ ತೆರೆದರೆ ತಿಳಿಯುತ್ತಿತ್ತು. ತೆರೆಯಲು ಧೈರ್ಯವಾಗಲಿಲ್ಲ. ಮರುದಿನ ಬೆಳಿಗ್ಗೆ, ತಾನು ಹೇಳಿದ್ದೇ ಸರಿಯಾಗಿದ್ದರೂ ಇರಬಹುದು ಎಂಬ ಆಸೆಯಿಂದ, ಗಾಜಿನ ಲೋಟದಲ್ಲಿ ನೀರು ಹಾಕಿ, ಅಮ್ಮ ಶಶಿಪ್ರಭಾ ಬನ್ಸಿನ ಹಿಟ್ಟಿಗೆ ಹಾಕುವ ಸೋಡಾ ಒಂದು ಚಿಟಿಕೆ ಕದಡಿ, ಎರಡು ಪೆನ್ಸಿಲಿನ ಎರಡೂ ತುದಿ ಹೆರೆದು ಇಳಿಸಿದ. ಹಳೆಯ ಆಟಿಕೆ ಕಾರಿನ ಚೌಕದ ಬ್ಯಾಟರಿಗೆ ವಯರು ಸಿಕ್ಕಿಸಿದ. ಗುಳ್ಳೆ ಎದ್ದವು. ಒಂದು ಪೆನ್ಸಿಲಿನ ಸುತ್ತ ದಂಡಿಯಾಗಿ, ಇನ್ನೊಂದರ ಸುತ್ತ ಅಷ್ಟಿಷ್ಟು. ನೀರಿನಲ್ಲಿ ಹೈಡ್ರೋಜನ್ ಎರಡು ಪಾಲು, ಆಕ್ಸಿಜನ್ ಒಂದು ಪಾಲು ಎಂಬುದು ಅವನಿಗೂ ಗೊತ್ತಿತ್ತು. ದಂಡಿಯಾಗಿ ಗುಳ್ಳೆ ಬಂದದ್ದು ಮೈನಸ್ ಕಡೆಯಲ್ಲಿ. ವಯರು ತಿರುಗಿಸಿ ಹಾಕಿದ; ಗುಳ್ಳೆಗಳೂ ತಿರುಗಿ ಮೈನಸ್ಸಿಗೇ ಹೋದವು. ಲೋಟಕ್ಕೆ ಅವನ ಮರ್ಯಾದೆಯ ಚಿಂತೆ ಇರಲಿಲ್ಲ.

ಪಾಳಿಗೆ ಹೊರಟಿದ್ದ ಜಯಪಾಲ ಬಾಗಿಲಲ್ಲಿ ನಿಂತು ನೋಡಿದರು. ಏನಿದು ಎಂದು ಕೇಳಿದರು. ಮೋಕ್ಷಿತ ಹೇಳಿದ, ಹೇಳಿ ಕೊನೆಗೆ, ರಿಫೈನರಿಯಲ್ಲಿ ಇಂಥದ್ದೆಲ್ಲ ಹೇಗೆ ಮಾಡುತ್ತಾರೆ ಎಂದು ಕೇಳಿಯೂ ಕೇಳಿದ. ಅಪ್ಪ ನಕ್ಕುಬಿಟ್ಟು ತುಳುವಿನಲ್ಲಿ ಹೇಳಿದರು: ನನಗೆ ಗೊತ್ತಿಲ್ಲ ಮಾರಾಯ, ನನ್ನದು ಗೇಟಿನವರೆಗೆ. ಒಳಗೆ ಏನು ಬೇಯಿಸುತ್ತಾರೋ ಅವರನ್ನೇ ಕೇಳಬೇಕು. ಹಾಗೆ ಹೇಳಿ ಬೀಗದ ಕೈ ಗಿಲಕಿಸುತ್ತಾ ಹೋದರು.

ಮೋಕ್ಷಿತ ಲೋಟದ ಮುಂದೆ ಕೂತೇ ಇದ್ದ. ಗೊತ್ತಿಲ್ಲ ಎಂಬ ಮಾತನ್ನು ಒಬ್ಬ ಮನುಷ್ಯ ತಲೆ ಎತ್ತಿಕೊಂಡು ಹೇಳಬಹುದು ಎಂದು ಅವನು ಅಂದುಕೊಂಡೇ ಇರಲಿಲ್ಲ. ಮೂರು ವರ್ಷ ಇಂಥ ಅಪ್ಪನನ್ನು ಅರ್ಧಕ್ಕೆ ಹೇಳಿ ನಿಲ್ಲಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹೇಳಿದರೆ ಗುಂಪು ಹೋಗಬಹುದು, ಗುಂಪು ಹೋದರೆ ಸೀಟು ಹೋಗಬಹುದು. ಹೇಳದಿದ್ದರೆ ಝಹ್ರಾಳ ಸರಿ ಇದ್ದ ಉತ್ತರ ತಪ್ಪಾಗಿ ಪರೀಕ್ಷೆಗೆ ಹೋಗುತ್ತದೆ.

ಆ ದಿನ ಅವನು ಲೋಟ, ಪೆನ್ಸಿಲು, ಬ್ಯಾಟರಿ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋದ. ಮಾಳಿಗೆಯಲ್ಲಿ ನೆಲದ ಮೇಲೆ ಜೋಡಿಸಿದ. ಗುಳ್ಳೆ ಎದ್ದವು. ಇಬ್ಬರೂ ಬಗ್ಗಿ ನೋಡಿದರು. ಝಹ್ರಾಳಿಗೆ ಕೂಡಲೇ ತಿಳಿಯಿತು; ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

"ನಾನು ಹೇಳಿದ್ದು ತಪ್ಪು," ಎಂದ ಮೋಕ್ಷಿತ. "ನಿನ್ನ ಚಿತ್ರ ಸರಿ ಇತ್ತು. ನನ್ನ ಅಪ್ಪ ರಿಫೈನರಿಯಲ್ಲಿ ಬಸ್ಸು ಬಿಡುವುದು. ನನಗೆ ಪ್ರಿಪರೇಟರಿಯಲ್ಲಿ ಹತ್ತೊಂಬತ್ತು ಬಂದದ್ದು."

ಚೈತಾಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಝಹ್ರಾ ಮೊದಲು ಮಾಡಿದ ಕೆಲಸ ಎಂದರೆ ರಬ್ಬರು ಹುಡುಕಿದ್ದು. ಚಿತ್ರ ಸರಿ ಮಾಡಿದಳು, ಅಡಿಗೆರೆ ಎಳೆದಳು, ಪುಡಿ ಊದಿದಳು. ಆಮೇಲೆ ಸಿಟ್ಟು ಬಂತು. ಬಾಯಿ ಒಣಗಿದ್ದರೂ ಬೈಗುಳಕ್ಕೆ ತತ್ವಾರ ಇರಲಿಲ್ಲ. ಪರೀಕ್ಷೆಯಲ್ಲಿ ಬರೆದು ಬಂದ ಮೇಲೆ ಗೊತ್ತಾಗಿದ್ದರೆ ನಿನ್ನನ್ನು ಈ ಮಾಳಿಗೆಯಿಂದಲೇ ಕೆಳಗೆ ದೂಡುತ್ತಿದ್ದೆ ಎಂದಳು. ಮೋಕ್ಷಿತ ತಲೆ ಆಡಿಸಿ ಬ್ಯಾಟರಿ ಬಿಚ್ಚಿ ಚೀಲಕ್ಕೆ ಹಾಕತೊಡಗಿದ. ಮೆಟ್ಟಿಲಿನವರೆಗೆ ಹೋಗಿಯೂ ಆಗಿತ್ತು.

"ನಿಲ್ಲು. ಹಾಗಾದರೆ ಇಷ್ಟು ದಿನ ನಿನಗೆ ಹೇಳಿಕೊಟ್ಟದ್ದು ಯಾರು?" ಎಂದಳು ಝಹ್ರಾ.

"ಯಾರೂ ಇಲ್ಲ. ಇಲ್ಲಿ ಹೇಳ್ಲಿಕ್ಕೆ ಉಂಟಲ್ಲ ಅಂತ ನಾನೇ ಓದಿದ್ದು."

ಝಹ್ರಾ ರಟ್ಟುಗಳ ರಾಶಿಯ ಕಡೆ ನೋಡಿದಳು. ಆಸಿಡ್, ಲವಣ, ಲೋಹಗಳ ಬೆಂಚು, ಕಾರ್ಬನ್ನಿನ ನಾಲ್ಕು ಕೈ, ಎಲ್ಲ ಅವನ ವಕ್ರ ಅಕ್ಷರದಲ್ಲಿ. ಅದರಲ್ಲಿ ತಪ್ಪಿದ್ದದ್ದು ಒಂದೇ, ಅವನು ಓದದೆ ಬಂದ ದಿನದ್ದು. ಅವಳ ಸಿಟ್ಟು ಇಳಿಯಲಿಲ್ಲ; ಆದರೆ ಅವಳು ಲೆಕ್ಕದ ಹುಡುಗಿ, ಸಿಟ್ಟಿನಲ್ಲಿಯೂ ಲೆಕ್ಕ ತಪ್ಪುವವಳಲ್ಲ.

"ನಾಳೆಯಿಂದ ಫಿಸಿಕ್ಸ್ ಕೂಡ ನೀನೇ ಹೇಳು," ಎಂದಳು. "ಬಯಾಲಜಿ ಕೂಡ. ನಾನು ಕೂತು ಕೇಳ್ತೇನೆ. ಗೊತ್ತಿದ್ದವರು ಎಲ್ಲಿ ಕಷ್ಟ ಉಂಟು ಅಂತ ಹೇಳುವುದೇ ಇಲ್ಲ. ನೀನು ಈಗಷ್ಟೇ ಬಿದ್ದು ಎದ್ದವ, ನಿನಗೆ ಗುಂಡಿ ಎಲ್ಲಿ ಉಂಟು ಅಂತ ಗೊತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಬೇಕು. ಪುಸ್ತಕ ತೆರೆದು ಮೂವರೂ ನೋಡುವ."

ಶಿಕ್ಷೆ ಎಂದು ಕೊಟ್ಟದ್ದೋ, ಬಹುಮಾನವೋ, ಅವಳಿಗೇ ಗೊತ್ತಿದ್ದಿರಲಾರದು. ಅಂದು ಬಾಂಗ್ ಆದಾಗ ಮೊದಲ ಸಮೋಸ ಅವನ ಕೈಗೆ ಬಂತು.

ಆಮೇಲಿನ ದಿನಗಳಲ್ಲಿ ಮಾಳಿಗೆಯಲ್ಲಿ ಅತಿ ಹೆಚ್ಚು ಕೇಳಿಬಂದ ಮಾತು 'ಗೊತ್ತಿಲ್ಲ'. ಮೊದಮೊದಲು ಮೋಕ್ಷಿತನದು, ಆಮೇಲೆ ಚೈತಾಲಿಯದು. ಒಂದು ದಿನ ಕಣ್ಣಿನ ಮಸೂರದ ಬಗ್ಗೆ ಮೋಕ್ಷಿತ ಹಾಕಿದ ಪ್ರಶ್ನೆಗೆ ಝಹ್ರಾಳೂ ಆ ಮಾತನ್ನು ಹೇಳಿದಳು. ಹೇಳಿದವಳ ಮುಖ ನೋಡುವ ಹಾಗಿತ್ತು. ಪುಸ್ತಕ ತೆರೆದು ಮೂವರೂ ನೋಡಿದರು.

ವಿಜ್ಞಾನದ ಪರೀಕ್ಷೆ ಹಬ್ಬ ಕಳೆದ ಮೇಲೆ ಬಂತು. ನೀರಿನ ವಿದ್ಯುದ್ವಿಭಜನೆ ಬಂದೀತೆಂದು ನೀವು ಕಾದಿದ್ದರೆ, ಅದು ಬರಲಿಲ್ಲ. ಪ್ರಶ್ನೆಪತ್ರಿಕೆ ಮಾಡುವವರಿಗೆ ಇಂಥ ಕತೆಗಳು ಗೊತ್ತಿರುವುದಿಲ್ಲ. ಬಂದವುಗಳಲ್ಲಿ ಒಂದೆರಡು ಮೋಕ್ಷಿತ ಕಂಡು ಕೇಳರಿಯದ ಪ್ರಶ್ನೆಗಳು. ಆದರೆ ಅವನಿಗೆ ಹೆದರಿಕೆಯಾಗಲಿಲ್ಲ. ಎದುರಿಗೆ ಝಹ್ರಾ ಹುಬ್ಬು ಗಂಟು ಹಾಕಿ ಕೂತಿದ್ದಾಳೆ, ಇವಳಿಗೆ ಇದನ್ನು ಹೇಗೆ ಹೇಳಲಿ ಎಂದು ಯೋಚಿಸಿದ. ಹೇಳುವ ದಾರಿ ಸಿಕ್ಕಿತು, ಸಿಕ್ಕಿದ್ದನ್ನು ಬರೆದ. ಒಂದು ಪ್ರಶ್ನೆ ಮಾತ್ರ ಎಷ್ಟು ತಿರುಗಿಸಿದರೂ ಬರಲಿಲ್ಲ. ಅದನ್ನು ಖಾಲಿ ಬಿಟ್ಟು, ನಿರುಮ್ಮಳವಾಗಿ ಮುಂದಿನದಕ್ಕೆ ಹೋದ.

ಎಂಬತ್ತಕ್ಕೆ ಐವತ್ತೆಂಟು ಬಂತು. ಜಯಪಾಲ ಆ ಸಂಖ್ಯೆಯನ್ನು ಬಸ್ಸಿನಲ್ಲಿದ್ದ ಎಂಜಿನಿಯರುಗಳಿಗೆಲ್ಲ ಹೇಳಿದರು, ಕೇಳದವರಿಗೂ ಹೇಳಿದರು. ಬಲ್ಮಠದ ಕೋಚ್ ಮಾತು ಉಳಿಸಿಕೊಂಡರು. ಝಹ್ರಾಳಿಗೆ ಎಂಬತ್ತಕ್ಕೆ ಎಂಬತ್ತು. ಅವಳು ಅದನ್ನು ದೊಡ್ಡ ವಿಷಯ ಮಾಡಲಿಲ್ಲ, ಮಾಡುವವಳೂ ಅಲ್ಲ.

ಜೂನಿನಲ್ಲಿ ಒಂದು ಸಂಜೆ ಮೋಕ್ಷಿತ ಕಾಲೇಜಿನಿಂದ ಬರುತ್ತಾ ಅಂಗಡಿಯ ಮುಂದೆ ಹಾದಾಗ ಮೊಯ್ದೀನಬ್ಬ ಕೈ ಮಾಡಿ ಕರೆದು, ಮೇಲೆ ಹೋಗು, ಮಕ್ಕಳು ಕಾಯ್ತಾ ಇದ್ದಾರೆ ಎಂದರು. ಮಾಳಿಗೆಯಲ್ಲಿ ಝಹ್ರಾಳ ತಂಗಿ ಹನಾನ್, ಈ ವರ್ಷ ಹತ್ತನೆಯವಳು, ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಕೂತಿದ್ದಳು. ಮುಂದೆ ಹೊಸ ರಟ್ಟುಗಳು, ಹೊಸ ಮಾರ್ಕರು. ಅಕ್ಕ ಹೇಳಿದ್ದಾಳೆ, ಕೆಮಿಸ್ಟ್ರಿ ನಿಮ್ಮ ಹತ್ತಿರವೇ ಕಲಿಯಬೇಕಂತೆ ಎಂದಳು. ಗೆಳತಿಯರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ಅವರ ಅಪ್ಪ ರಿಫೈನರಿಯಲ್ಲಿ ಇರುವುದಲ್ವಾ ಎಂದದ್ದು ಅವನಿಗೂ ಕೇಳಿಸಿತು.

ಮೋಕ್ಷಿತ ಚಪ್ಪಲಿ ಕಳಚಿ ಕೂತು ಒಂದು ರಟ್ಟು ಎಳೆದುಕೊಂಡ.

"ನನ್ನ ಅಪ್ಪ ಅಲ್ಲಿ ಬಸ್ಸು ಬಿಡುವುದು," ಎಂದ. "ತುಂಬ ಚಂದ ಬಿಡ್ತಾರೆ. ಕೆಮಿಸ್ಟ್ರಿ ನಾನು ಇಲ್ಲಿ ಕಲಿತದ್ದು. ಈಗ ಹೇಳಿ, ನಿಮಗೆ ಎಂತ ಗೊತ್ತಿಲ್ಲ?"