ಬಾಲ್ಕನಿ ಹೊತ್ತ ಕಂಬ

ನಾನೊಂದು ಸರ್ವೆಕಂಬ. ಹುಟ್ಟಿದ್ದು ಕಡಲ ದಂಡೆಯ ಮರಳಿನಲ್ಲಿ. ಗಾಳಿಗೆ ಓಲಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕಡಿದು, ಲಾರಿಗೇರಿಸಿ, ಹಾಸನದಲ್ಲಿ ಕಂಬ ಬಾಡಿಗೆಗೆ ಕೊಡುವ ಒಂದು ಗೋಡೌನಿನಲ್ಲಿ ಕೆಡವಿದ ಮೇಲೆ ಹೊರುವುದೇ ಕೆಲಸವಾಯಿತು. ತಾರಸಿಗೆ ಸುರಿದ ಕಾಂಕ್ರೀಟು ತಾನೇ ನಿಲ್ಲುವವರೆಗೆ ನಮ್ಮಂಥವರು ಕೆಳಗಿನಿಂದ ಆತುಕೊಂಡಿರಬೇಕು. ಎಷ್ಟೋ ಮನೆ ಹೊತ್ತೆ. ಗೃಹಪ್ರವೇಶದ ಹೊತ್ತಿಗೆ ಮಾತ್ರ ನನ್ನನ್ನು ಹೊರಗೆಸೆದಿರುತ್ತಿದ್ದರು.

ಆಮೇಲೆ ನಿಂಗರಾಜು ನನ್ನನ್ನು ಬಾಡಿಗೆಗೆ ಒಯ್ದ. ಅಲ್ಲಿಯವರೆಗೆ ಗಾರೆ ಮೇಸ್ತ್ರಿಯಾಗಿದ್ದವನು. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಕಮಲಾಕ್ಷಮ್ಮನವರ ಮನೆ ಅವನ ಮೊದಲ ಕಂಟ್ರಾಕ್ಟು. ಇದು ಕೆಟ್ಟರೆ ಊರಲ್ಲಿ ಎರಡನೆಯದನ್ನು ಯಾರೂ ಕೊಡರು. ನನ್ನನ್ನು ಬಾಲ್ಕನಿಯ ತುದಿಗೆ ನಿಲ್ಲಿಸಿ, ಬುಡಕ್ಕೆ ಬೆಣೆ ಹೊಡೆದರು.

ಕಾಂಕ್ರೀಟು ಸುರಿದು ಮೋಲ್ಡ್ ಹಾಕುವ ದಿನ ಅವನು ಹೊಸ ಬಿಳಿ ಷರ್ಟು ತೊಟ್ಟು ಬಂದ. ಮೇಸ್ತ್ರಿಯಾಗಿದ್ದರೆ ಮೇಲೆಯೇ ಇರುತ್ತಿದ್ದ. ಈಗ ದೊಡ್ಡ ಮನುಷ್ಯನಲ್ಲವೇ, ಕೆಳಗೆ ನಿಂತು ನೆಂಟರಿಗೆ ಬೋಂಡ ಹಂಚುತ್ತಿದ್ದ. ಬಾಲ್ಕನಿ ಬಾಗದಂತೆ ಹಿಡಿಯುವ ಕಬ್ಬಿಣದ ಕಂಬಿ ಕಾಂಕ್ರೀಟಿನ ಮೇಲ್ಗಡೆ ಇರಬೇಕು. ಆಳುಗಳು ಅದನ್ನೇ ತುಳಿದುಕೊಂಡು ಓಡಾಡಿದರು. ಕಂಬಿ ತಳ ಸೇರಿತು. ಹೇಳೋಣವೆಂದರೆ ನನಗೆ ಬಾಯಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಕಮಲಾಕ್ಷಮ್ಮ, ಇನ್ನೂ ತೆಗೆಯದೆ ಉಳಿದಿದ್ದ ನನ್ನನ್ನು ನೋಡಿ ಮುಖ ಸಿಂಡರಿಸಿದರು. "ಹಿಂಗೆ ಕಂಬ ಅಡ್ಡ ನಿಲ್ಲಿಸ್ಕೊಂಡು ಬೀಗ್ರನ್ನ ಹೆಂಗಪ್ಪ ಕರೀಲಿ? ತೆಗೆಸ್ಬಿಡು."

ನಿಂಗರಾಜು ನನ್ನ ಬೆಣೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಗಟ್ಟಿ ಬಾಲ್ಕನಿಯಾದರೆ ಅಷ್ಟಕ್ಕೇ ನನ್ನ ತಲೆ ಹಗುರಾಗಬೇಕು. ಆಗಲಿಲ್ಲ. ನಾನು ಕೂದಲೆಳೆಯಷ್ಟು ಇಳಿದೆ. ಬಾಲ್ಕನಿಯೂ ನನ್ನ ಜೊತೆಗೇ ಇಳಿಯಿತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಅವನೂ ನಾನೂ ಅದರಡಿ ಸೇರುತ್ತಿದ್ದೆವು.

ಮೇಸ್ತ್ರಿಯ ಕೈ ಅದು, ಅದಕ್ಕೆ ಗೊತ್ತಾಯಿತು. ಬೆಣೆಯನ್ನು ಮತ್ತೆ ಬಿಗಿದು ಮೇಲಕ್ಕೆ ಓಡಿದ. "ಬಿರುಕು ಬಿಟ್ಟದೆ ಕಣೋ, ಗೋಡೆ ಸೇರೋ ಕಡೆ ಉದ್ದಕ್ಕೂ" ಎಂಬ ಅವನ ಸಣ್ಣ ದನಿ ಕೇಳಿಸಿತು.

"ಸಿಮೆಂಟ್ ಹಾಲು ಬಳಿದ್ರೆ ಮುಚ್ಚೋಯ್ತದೆ ಬಿಡಣ್ಣ" ಎಂದ, ಹಿಂದೆಯೇ ಹೋಗಿದ್ದ, ಕಂಬ-ಹಲಗೆ ಕಟ್ಟುವ ಸೆಂಟ್ರಿಂಗಿನ ಜವರ.

ನಿಂಗರಾಜು ಬಕೆಟ್ಟಿನಲ್ಲಿ ಸಿಮೆಂಟು ಕಲಸಿಯೂ ಬಿಟ್ಟ. ಅಷ್ಟರಲ್ಲಿ ಕಮಲಾಕ್ಷಮ್ಮ ಅಂಗಳದಿಂದ ಕೂಗಿದರು: "ನಿಂಗರಾಜು, ನಾದಸ್ವರದೋರ್ನ ಅಲ್ಲೇ ಬಾಲ್ಕನೀಲಿ ಕೂರಿಸ್ತೀನಿ ಕಣಪ್ಪ!"

ಮೇಲಿನಿಂದ ಬಕೆಟ್ಟು ಚೆಲ್ಲಿದ ಸದ್ದು. ಅವನು ಇಳಿದು ಬಂದ.

"ಈ ಬಾಲ್ಕನಿ ನಿಲ್ಲಲ್ಲ ಕಣಮ್ಮ. ತಪ್ಪು ನಂದೇ. ಒಡೆದು ನಾನೇ ಕಟ್ಕೊಡ್ತೀನಿ. ಉಪ್ಪು ತಿಂದೋನು ನೀರು ಕುಡೀಲೇಬೇಕು."

"ಊರಿಗೆಲ್ಲ ಕಾರ್ಡು ಹಂಚಿದೀನಲ್ಲೋ ಪುಣ್ಯಾತ್ಮ!" ಎಂದು ಕಮಲಾಕ್ಷಮ್ಮ ತಲೆಯ ಮೇಲೆ ಕೈಹೊತ್ತು ಕುಳಿತರು.

ಅವನು ಬಿಳಿ ಷರ್ಟು ಬಿಚ್ಚಿ ಗೇಟಿಗೆ ಹಾಕಿದ. ನನ್ನ ಪಕ್ಕ ಇನ್ನೆರಡು ಕಂಬ ಕೊಟ್ಟು, ಮೇಲಿನಿಂದ ತಾನೇ ಒಡೆಯತೊಡಗಿದ. ಮರುದಿನ ಬಂದ ಬೀಗರು ಊಟ ಮಾಡಿ, 'ಒಡೆಯೋ ಕಂಟ್ರಾಕ್ಟರ್' ಎಂದು ನಗಾಡಿ ಹೋದರು. ಆ ಹೆಸರು ಅವನಿಗೆ ಅಂಟಿಯೇ ಬಿಟ್ಟಿತು. ಆದರೆ ಆ ಹೆಸರು ಹೇಳಿಕೊಂಡೇ ಜನ ಮನೆ ಕಟ್ಟಿಕೊಡೆಂದು ಅವನನ್ನು ಹುಡುಕಿಕೊಂಡು ಬರತೊಡಗಿದರು.

ಈಗ ನನಗೆ ಗೆದ್ದಲು ಹಿಡಿದಿದೆ, ತಾರಸಿ ಹೊರಲಾರೆ. ಗೋಡೌನಿನಿಂದ ನನ್ನನ್ನು ಕೇಳಿ ತಂದು ತನ್ನ ಹಿತ್ತಲಲ್ಲಿ ನೆಟ್ಟವನು ನಿಂಗರಾಜುವೇ. ಬಟ್ಟೆಯ ಹಗ್ಗ ಕಟ್ಟಿದ್ದಾರೆ. ಆ ಬಿಳಿ ಷರ್ಟು ಒಣಗುವುದು ಇಲ್ಲೇ. ಮೋಲ್ಡ್ ಇರುವ ದಿನ ಅವನು ಅದನ್ನು ನನ್ನ ಬಳಿಯೇ ಬಿಟ್ಟು, ಹಳೇ ಬನಿಯನ್ನಿನಲ್ಲಿ ಹೊರಡುತ್ತಾನೆ.