ಎಡಗಡೆಯ ನೋವು

ಪಾಲಹಳ್ಳಿಯ ಗಿರೀಶನಿಗೆ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಗಾಗುವಷ್ಟರಲ್ಲಿ ಕಿಬ್ಬೊಟ್ಟೆಯ ಎಡಕ್ಕೆ ಇಳಿದಿತ್ತು. ಹತ್ತಿರದ ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಮಧ್ಯಾಹ್ನಕ್ಕೆ ವಾಂತಿ, ಜ್ವರ. ಹೆಂಡತಿ ಸುಮ ಆಟೋ ಕರೆಸಿದಳು. ತಾಯಿ ಜಯಲಕ್ಷ್ಮಮ್ಮನೂ ಹತ್ತಿ ಕೂತರು.

ಅವರ ಹಿರಿಯ ಮಗ ಕೆಂಪಣ್ಣ ಹೈಸ್ಕೂಲಿನಲ್ಲಿದ್ದಾಗ ಇಂಥದೇ ಎಡಗಡೆಯ ನೋವಿನಲ್ಲಿ ತೀರಿಕೊಂಡಿದ್ದ. ನೋವು ಬರುವ ಮುಂಚೆ ಅವನು ಉಂಡದ್ದು ಪಕ್ಕದಲ್ಲೇ ಇದ್ದ ಚಿಕ್ಕಮ್ಮ ಚಿಕ್ಕಬೋರಮ್ಮನ ಮನೆಯಲ್ಲಿ. ಊಟದಲ್ಲಿ ಮದ್ದು ಹಾಕಿ ಕೊಂದಳೆಂದು ಜಯಲಕ್ಷ್ಮಮ್ಮ ಊರೆದುರೇ ಕೂಗಾಡಿದ್ದರು. ಅಂದಿನಿಂದ ವಾರಗಿತ್ತಿಯರಿಗೆ ಮಾತಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಯಶೋಧರಾ ಹೊಟ್ಟೆ ಒತ್ತಿ ನೋಡಿದರು. ಕೈ ತೆಗೆದದ್ದೇ ಗಿರೀಶ ಚೀರಿದ.

"ಅಪೆಂಡಿಕ್ಸ್ ಥರಾನೇ ಇದೆ. ಆದ್ರೆ ಅದು ಇರೋದು ಬಲಗಡೆ," ಎಂದರು. "ಸಿಟಿ ಸ್ಕ್ಯಾನ್ ಮಾಡಿಸೋಣ."

ಸ್ಕ್ಯಾನ್ ಆದ ಮೇಲೆ ಡಾಕ್ಟರು ಅತ್ತೆ-ಸೊಸೆ ಇಬ್ಬರನ್ನೂ ಒಳಗೆ ಕರೆದರು.

"ಇವರ ಒಳಗೆ ಎಲ್ಲಾ ಅದಲುಬದಲು. ಲಿವರ್ ಎಡಕ್ಕಿದೆ, ಅಪೆಂಡಿಕ್ಸೂ ಎಡಕ್ಕೇ. ಹುಟ್ಟಿನಿಂದ ಬಂದದ್ದು, ಅದರಿಂದ ತೊಂದರೆ ಇಲ್ಲ. ಆದ್ರೆ ಅಪೆಂಡಿಕ್ಸ್ ಊದಿಕೊಂಡು ಒಡೆಯೋ ಹಾಗಿದೆ. ಈಗಲೇ ಆಪರೇಷನ್ ಆಗ್ಬೇಕು."

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಗ ಕಣ್ಣು ಬಿಟ್ಟದ್ದನ್ನು ನೋಡಿಕೊಂಡು ಜಯಲಕ್ಷ್ಮಮ್ಮ ಡಾಕ್ಟರನ್ನು ಹುಡುಕಿ ಹೋದರು.

"ನನ್ನ ದೊಡ್ಡ ಮಗನೂ ಇಂಗೇ ಎಡಗಡೆ ನೋವು ಬಂದು ಓಗ್ಬುಟ್ಟ ಕಣವ್ವಾ. ಅವನಿಗೂ ಇದೇನಾ?"

"ನೋಡದೆ ಹೇಳಕ್ಕಾಗಲ್ಲಮ್ಮ. ಒಡಹುಟ್ಟಿದವರಲ್ಲಿ ಇಬ್ಬರಿಗೂ ಇರೋದುಂಟು. ಇದ್ದಿರಬಹುದು."

"ಊಟದಲ್ಲಿ ಯಾರಾರ ಏನಾರ ಆಕುದ್ರೆ ಇಂಗಾಯ್ತದಾ?"

"ಇಲ್ಲಮ್ಮ. ಇದು ಯಾರೋ ಹಾಕಿ ಬರೋದಲ್ಲ."

ಜಯಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಾರನೇ ದಿನ ಬಸ್ಸಿಳಿದವರು ತಮ್ಮ ಮನೆಗೆ ಹೋಗದೆ ಚಿಕ್ಕಬೋರಮ್ಮನ ಬಾಗಿಲಲ್ಲಿ ನಿಂತರು. ಡಾಕ್ಟರು ಅಂದದ್ದನ್ನೆಲ್ಲ ಹೇಳಿದರು.

"ನಿಂದೇನೂ ತಪ್ಪಿರ್ನಿಲ್ಲ ಬೋರಮ್ಮ. ಅನ್ಬಾರದ್ದ ಅಂದ್ಬುಟ್ಟೆ."

"ಡಾಕ್ಟ್ರು ಏಳುದ್ಮೇಲೆ ಗೊತ್ತಾಯ್ತಾ ಅಕ್ಕಾ?" ಚಿಕ್ಕಬೋರಮ್ಮನ ದನಿ ಒಡೆಯಿತು. "ಅವನ್ನ ನಾನೂ ಎತ್ತಾಡ್ಸಿದ್ದೆ. ಒಂದಿಡಿ ಮಣ್ಣಾಕಕ್ಕೂ ನನ್ನ ಬುಡ್ನಿಲ್ಲ ನೀನು."

ಜಯಲಕ್ಷ್ಮಮ್ಮ ಜಗಲಿಯ ಮೇಲೆ ಕುಸಿದು ಕೂತರು. ಚಿಕ್ಕಬೋರಮ್ಮ ಒಳಕ್ಕೆ ಕರೆಯಲಿಲ್ಲ, ಹೋಗೆಂದೂ ಅನ್ನಲಿಲ್ಲ. ಕಂಬಕ್ಕೆ ಒರಗಿ ಬಹಳ ಹೊತ್ತು ಅತ್ತರು.

ಆಮೇಲೆ ಮುಖ ಒರೆಸಿಕೊಂಡು, "ಗಿರೀಶ ಯಾವ ವಾರ್ಡ್ನಲ್ಲವ್ನೆ? ನಾಳೆ ನೋಡ್ಕಂಡು ಬತ್ತೀನಿ," ಎಂದರು.